ಲೇಡೀಸ್ ಸೈಡ್

ಮಾಡಬಾರದ್ದನ್ನು ಮಾಡಿದ ಮೇಲೂ ಚಹಾದ ರುಚಿ ಕೆಡಲಿಲ್ಲವಲ್ಲ ಎಂದು ಅನೀಸನಿಗೆ ನಾಚಿಕೆಯಾಯಿತು. ಎದುರಿನ ಕಂಪ್ಯೂಟರಿನಲ್ಲಿ ನೀಲಿ ಗೆರೆ ಪೂರ್ತಿ ತುಂಬಿ, ನಿಮ್ಮ ವಿಡಿಯೋ ತಲುಪಿದೆ, ಧನ್ಯವಾದ ಎಂದು ಹೇಳಿ ಸುಮ್ಮನಾಗಿತ್ತು. ಆ ಗೆರೆ ತುಂಬುವಷ್ಟು ಹೊತ್ತೂ ಅವನು ಮೂಲೆಯಲ್ಲಿ ಮೂಡಿದ್ದ ಪುಟ್ಟ ಚಿತ್ರದ ಮೇಲೆ ಅಂಗೈ ಒತ್ತಿ ಹಿಡಿದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದ. ಕಿಟಕಿಯಾಚೆ ಜೋಗುಪಾಳ್ಯದ ಗಲ್ಲಿ ತನ್ನ ಪಾಡಿಗೆ ತಾನಿತ್ತು. ನೀರಿನ ಕ್ಯಾನು ಹೊತ್ತ ಗಾಡಿಯೊಂದು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ತಮಿಳಿನಲ್ಲಿ ಬೈಸಿಕೊಳ್ಳುತ್ತಿತ್ತು. ಹೆಂಡತಿ ಜಹನಾರಾ ತನ್ನ ತಂಗಿ ಸಾಲೇಹಾಳ ಮದುವೆಯಲ್ಲಿ ಹೆಂಗಸರ ಕಡೆ ತೆಗೆದಿದ್ದ ವಿಡಿಯೋ ಅದು. ಯಾವ ಗಂಡಸೂ ನೋಡಿರದ, ಅನೀಸನೂ ನೋಡಿರದ ಆ ವಿಡಿಯೋದಿಂದ ಅಂದಾಜಿನಲ್ಲಿ ಒಂದು ಚೂರು ಕತ್ತರಿಸಿ, ಎಲ್ಲಿರುವುದೆಂದೇ ಗೊತ್ತಿಲ್ಲದ ಒಂದು ಯಂತ್ರಕ್ಕೆ ಕೊಟ್ಟಿದ್ದ. ಹೆಂಡತಿಯನ್ನು ಕೇಳಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆಂದು ಗೊತ್ತಿದ್ದದ್ದರಿಂದಲೇ ಕೇಳಿರಲಿಲ್ಲ. ಯಂತ್ರವೇನು ಪರಗಂಡಸೇ, ಅದಕ್ಕೇನು ಕಣ್ಣಿದೆಯೇ, ಕೆಟ್ಟ ಬುದ್ಧಿ ಇದೆಯೇ ಎಂದು ತನ್ನಲ್ಲೇ ವಾದ ಹೂಡಿ, ತಾನೇ ವಕೀಲ ತಾನೇ ಜಡ್ಜಾಗಿ ಕೇಸು ಗೆದ್ದುಕೊಂಡಿದ್ದ. ಮಧ್ಯಾಹ್ನ ಜುಮ್ಮಾ ನಮಾಜು ಮುಗಿದ ಮೇಲೆ ಮೌಲವಿಯವರನ್ನು ಕೇಳಿಯೇ ಬಿಡೋಣವೆಂದು ಹತ್ತಿರದವರೆಗೂ ಹೋಗಿ, ಅವರ ಮೊಮ್ಮಗನ ಜ್ವರದ ಬಗ್ಗೆ ವಿಚಾರಿಸಿ ವಾಪಸು ಬಂದಿದ್ದ. ಥೂ, ಎಂಥ ಹೇಡಿ ನಾನು ಅನ್ನಿಸಿತು. ಚಹಾ ಮಾತ್ರ ಚೆನ್ನಾಗಿತ್ತು.

ಇದೆಲ್ಲ ಮಗಳು ಅಂಬ್ರೀನ್ ಹಚ್ಚಿದ ಕೆಲಸ. ಇಂದಿರಾನಗರದ ಜಾಹೀರಾತು ಕಂಪನಿಯೊಂದರಲ್ಲಿ ಡಿಸೈನ್ ಮಾಡುವ ಅವಳಿಗೆ ಅಪ್ಪನ ಮದುವೆ ವಿಡಿಯೋ ಸ್ಟುಡಿಯೋ ಮುಚ್ಚುವುದು ಇಷ್ಟವಿರಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಹೆಂಗಸರ ಕಡೆಗೆ ಹೆಂಗಸರೇ ಕ್ಯಾಮೆರಾ ಹಿಡಿಯಬೇಕು ಎಂದು ಕೇಳುತ್ತಾರೆ, ಅಮ್ಮೀ ಕಲಿಸಲಿ, ನಾಲ್ಕು ಹುಡುಗಿಯರನ್ನು ಇಟ್ಟುಕೊಂಡು ಹೊಸದಾಗಿ ಶುರುಮಾಡೋಣ ಎಂಬುದು ಅವಳ ಲೆಕ್ಕಾಚಾರ. "ಅಬ್ಬಾ, ವೆಬ್‌ಸೈಟಿಗೆ ಮೂರು ಟೂಲ್, ಮ್ಯೂಸಿಕ್ಕಿಗೆ ಮೂರು, ವಿಡಿಯೋಗೆ ಮೂರು ಹಾಕ್ಕೊಟ್ಟಿದ್ದೀನಿ. ಎಲ್ಲಾ ಎಐ. ನೀವು ಬಾಯಲ್ಲಿ ಹೇಳಿದ್ರೆ ಸಾಕು, ಅದೇ ಮಾಡುತ್ತೆ. ಮೂರರಲ್ಲಿ ಯಾವುದು ಬೆಸ್ಟ್ ಅಂತ ನೋಡಿ ಸಂಜೆಗೆ ಹೇಳಿ. ನಿಮ್ಮ ಕಣ್ಣು ನಂಗಿಲ್ಲ," ಎಂದು ಬೆಳಿಗ್ಗೆ ಹೊಗಳಿ ಹೋಗಿದ್ದಳು. ಹೊಗಳಿದರೆ ಅಪ್ಪ ಬಾವಿಗೂ ಬೀಳುತ್ತಾನೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. "ಅಮ್ಮೀ ತೆಗೆದಿದ್ದನ್ನ ಯಾರಿಗೂ ತೋರ್ಸೋ ಹಾಗಿಲ್ವಲ್ಲ, ಅದಕ್ಕೆ ಅದೇ ತರಹದ್ದು ಮೆಷಿನ್ ಹತ್ರ ಮಾಡ್ಸೋಣ. ಯಾರ ಮುಖಾನೂ ಇರಲ್ಲ, ಯಾರಿಗೂ ಬೇಜಾರಿಲ್ಲ." ಅಮ್ಮೀಯ ವಿಡಿಯೋವನ್ನೇ ಅದಕ್ಕೆ ಕೊಡು ಎಂದು ಮಗಳು ಹೇಳಿರಲಿಲ್ಲ. ಆ ಬುದ್ಧಿ ಅವನದೇ.

ವೆಬ್‌ಸೈಟು ಮಾಡುವ ಮೂರನ್ನು ಅವನು ಊಟಕ್ಕೆ ಮುಂಚೆಯೇ ನೋಡಿ ಮುಗಿಸಿದ್ದ. ಮೊದಲನೆಯದು ಏನೂ ಕೇಳದೆ ಬಿಳಿ ಗೌನು ತೊಟ್ಟ ಮದುಮಗಳನ್ನು ಕಡಲ ದಂಡೆಯಲ್ಲಿ ಓಡಿಸಿತು. ಎರಡನೆಯದು ನಮ್ಮ ತಂಡ ಎಂದು ಕೋಟು ಹಾಕಿದ ನಾಲ್ವರು ಹುಡುಗರನ್ನು ಹುಟ್ಟಿಸಿ ಹಲ್ಲು ಕಿರಿಸಿತು. ಅದರಲ್ಲೊಬ್ಬನಿಗೆ ಅನೀಸ್ ಎಂದು ಹೆಸರಿಟ್ಟಿತ್ತು, ಕೂದಲು ದಟ್ಟವಾಗಿತ್ತು. ಮೂರನೆಯದು ಮಾತ್ರ ಮರ್ಯಾದೆಯಿಂದ ಒಂದೊಂದಾಗಿ ಪ್ರಶ್ನೆ ಕೇಳಿತು. ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಿ, ಯಾರು ಯಾರು ಏನೇನು ಮಾಡುತ್ತೀರಿ ಎಂದಿತು. ಅವನು ಎರಡು ಬೆರಳಿನಲ್ಲಿ ಟೈಪ್ ಮಾಡಿ, ಲೇಡೀಸ್ ಸೈಡ್ ನನ್ನ ಹೆಂಡತಿ ತೆಗೆಯುತ್ತಿದ್ದಳು ಎಂದು ಬರೆದ. ಅದು ಅವರ ಹೆಸರು ಕೇಳಿ, ಬರೆದ ಕ್ಷಣದಲ್ಲಿ, ಜಹನಾರಾ, ಸಹ ಸಂಸ್ಥಾಪಕಿ ಮತ್ತು ಛಾಯಾಗ್ರಾಹಕಿ ಎಂದು ದಪ್ಪಕ್ಷರದಲ್ಲಿ ತೋರಿಸಿತು. ಅವನು ಅದನ್ನೇ ನೋಡುತ್ತ ಕೂತ. ತಾನು ಮಾಡಿದ ಅಷ್ಟೂ ಕ್ಯಾಸೆಟ್ಟುಗಳ ಕೊನೆಯಲ್ಲಿ, ಗುಲಾಬಿ ಹೂ ಅರಳಿ ಅದರೊಳಗಿಂದ ಮಿಕ್ಸಿಂಗ್ ಅನೀಸ್ ಎಂದು ಹೊರಬರುತ್ತಿತ್ತು. ಅವಳ ಹೆಸರು ಎಲ್ಲೂ ಇರುತ್ತಿರಲಿಲ್ಲ. ಹೆಂಗಸರ ಹೆಸರು ಹಾಕುವ ರಿವಾಜಿಲ್ಲ ಎಂದು ಅವನೂ ಅಂದುಕೊಂಡಿದ್ದ, ಅವಳೂ ಸುಮ್ಮನಿದ್ದಳು. ಇದಕ್ಕೆ ಹುಟ್ಟಿ ಮೂರು ದಿನವಾಗಿಲ್ಲ, ಬಾಯಿಬಿಟ್ಟು ಕೇಳಿತಲ್ಲ ಎಂದು ಯಂತ್ರದ ಮೇಲೆ ಸ್ವಲ್ಪ ಸಿಟ್ಟೇ ಬಂತು.

ಆಗಿನ ದಿನಗಳು! ಶಿವಾಜಿನಗರದ ಶಾದಿಮಹಲುಗಳಲ್ಲಿ ನಡುವೆ ಬಟ್ಟೆ ಕಟ್ಟಿ ಈಚೆ ಗಂಡಸರು, ಆಚೆ ಹೆಂಗಸರು. ಈಚೆ ಬಿರಿಯಾನಿಯ ಹಂಡೆ, ಮೈಕು, ಹಾರ. ಆಚೆಯಿಂದ ಬರೀ ಸದ್ದು. ಬುರ್ಖಾದ ಮೇಲೆ ಆ ಭಾರದ ಕ್ಯಾಮೆರಾ ಹೊತ್ತು ಜಹನಾರಾ ಒಳಗೆ ಹೋಗುತ್ತಿದ್ದಳು, ಅವಳ ಹಿಂದೆ ಲೈಟು ಹಿಡಿದು ಅವಳ ಸೋದರತ್ತೆಯ ಮಗಳು ಖುರ್ಷೀದಾ, ಉದ್ದನೆಯ ವೈರು ಎಳೆದುಕೊಂಡು. ಬಟ್ಟೆಯ ಅಡಿಯಲ್ಲಿ ನುಸುಳಿ ಒಳಕ್ಕೆ ಸರಿಯುತ್ತಿದ್ದ ಆ ವೈರನ್ನು ನೋಡಿ, ಈಗ ಇಲ್ಲಿದ್ದಾಳೆ, ಈಗ ಅಲ್ಲಿಗೆ ಹೋದಳು ಎಂದು ಅನೀಸ್ ಊಹಿಸುತ್ತಿದ್ದ. ಒಳಗೆ ತೆಗೆದ ಟೇಪಿಗೆ ಅವಳು ಹಸಿರು ದಾರ ಸುತ್ತುತ್ತಿದ್ದಳು. ಹಸಿರು ದಾರವೆಂದರೆ ಗಂಡಸರು ಮುಟ್ಟಬಹುದು, ನೋಡಬಾರದು. ಅಂಗಡಿಯಲ್ಲಿ ಚಿತ್ರ ಕತ್ತರಿಸಿ ಜೋಡಿಸುವುದು ಅವಳ ಕೆಲಸ, ಮಾನಿಟರನ್ನು ಗೋಡೆಗೆ ತಿರುಗಿಸಿಕೊಂಡು. ಅದಕ್ಕೆ ಹಾಡು, ವಾದ್ಯ ಸೇರಿಸುವುದು ಅವನ ಕೆಲಸ, ಅದೇ ಮಾನಿಟರಿನ ಮೇಲೆ ಟವೆಲ್ ಹೊದಿಸಿ. ಕಿವಿಗೆ ಹೆಡ್‌ಫೋನು, ಕಣ್ಣು ಸದ್ದಿನ ಮುಳ್ಳಿನ ಮೇಲೆ. ಮುಗಿದ ಕ್ಯಾಸೆಟ್ಟನ್ನು ಆ ಮನೆಯ ಹಿರಿಯ ಹೆಂಗಸಿನ ಕೈಗೆ ಜಹನಾರಾಳೇ ಕೊಟ್ಟು ಬರಬೇಕು. ಒಂದು ಸಲವೂ ಟವೆಲ್ ಸರಿಸಿದವನಲ್ಲ. ಅನೀಸ್ ಭಾಯಿ ನೋಡಲ್ಲ ಎಂಬ ಒಂದು ಮಾತಿನ ಮೇಲೆ ಫ್ರೇಜರ್ ಟೌನಿನಿಂದ ಕೆ.ಆರ್. ಪುರದವರೆಗೆ ಅವರಿಗೆ ಕೆಲಸ ಸಿಕ್ಕಿತ್ತು, ಅವರಿಗಿಂತ ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡವರಿಗೆ ಸಿಗದಷ್ಟು. ಆ ಮಾತನ್ನು ಇವತ್ತು ಒಂದು ಚಹಾ ಕುಡಿಯುವಷ್ಟರಲ್ಲಿ ತಿಂದುಹಾಕಿದ್ದ.

ಹಾಡು ಕಟ್ಟುವ ಮೂರು ಟೂಲುಗಳ ಹತ್ತಿರ ಅವನು ಹೆಚ್ಚು ಹೊತ್ತು ಕಳೆದ. ಅರಿಶಿನದ ರಾತ್ರಿಯ ಹೆಂಗಸರ ಹಾಡು ಬೇಕು, ಢೋಲಕ್ಕು ಇರಲಿ, ಬೇರೆ ವಾದ್ಯ ಬೇಡ ಎಂದು ಬರೆದಿದ್ದ. ಒಂದು ಡಿಸ್ಕೋ ಕುಣಿಸಿತು. ಇನ್ನೊಂದು ಗಂಡಸರ ಚಪ್ಪಾಳೆ ಹೊಡೆಸಿ ಕವ್ವಾಲಿ ಮಾಡಿತು. ಮೂರನೆಯದು ಮಾತ್ರ ಹತ್ತಾರು ಹೆಣ್ಣುದನಿಗಳನ್ನು ಒಟ್ಟಿಗೆ ಎಬ್ಬಿಸಿತು, ಅಬ್ಬಾ, ಒಂದು ಗಳಿಗೆ ಅವನ ಕೈಮೇಲಿನ ಕೂದಲು ನಿಂತವು. ಆಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲರೂ ಶ್ರುತಿಯಲ್ಲಿದ್ದರು. ಅವನು ಟವೆಲಿನ ಈಚೆ ಕೂತು ಕೇಳುತ್ತಿದ್ದ ಹಾಡುಗಳಲ್ಲಿ ಒಬ್ಬಳಾದರೂ ದಾರಿ ತಪ್ಪಿರುತ್ತಿದ್ದಳು, ಒಬ್ಬಳು ಮುಂದಿನ ಸಾಲನ್ನು ಮೊದಲೇ ಹಾಡಿ ನಾಲಗೆ ಕಚ್ಚಿಕೊಳ್ಳುತ್ತಿದ್ದಳು, ಮಗು ಅಳುತ್ತಿತ್ತು, ಸ್ಟೀಲು ಲೋಟ ಉರುಳುತ್ತಿತ್ತು, ಚಪ್ಪಲಿ ಎಲ್ಲೇ ನನ್ನದು ಎಂದು ಯಾರೋ ಅಜ್ಜಿ ಕೂಗುತ್ತಿದ್ದಳು. ಒಬ್ಬಳು ತಪ್ಪು ಹಾಡಲಿ ಎಂದು ಬರೆದ. ಯಂತ್ರ ಆಜ್ಞೆ ಪಾಲಿಸಿ ಒಬ್ಬಳಿಂದ ತಪ್ಪು ಹಾಡಿಸಿತು, ಆದರೆ ಪ್ರತಿ ಸಾಲಿನಲ್ಲೂ ಅದೇ ಜಾಗದಲ್ಲಿ. ಯಾವ ಮುಖವೂ ಗೊತ್ತಿಲ್ಲದ ಆ ಹೆಂಗಸರೆಲ್ಲ ಈಗ ಎಲ್ಲಿದ್ದಾರೋ, ಎಷ್ಟು ಜನ ಇದ್ದಾರೋ. ಅವರ ನಗು ಅವನಿಗೆ ತನ್ನ ಮನೆ ಗಡಿಯಾರದ ಸದ್ದಿನಷ್ಟು ಗೊತ್ತಿತ್ತು, ಎದುರಿಗೆ ಬಂದರೆ ಒಬ್ಬರದೂ ಗುರುತು ಹತ್ತುತ್ತಿರಲಿಲ್ಲ.

ಇಷ್ಟಾಗಿ, ವಿಡಿಯೋದ ಟೂಲುಗಳು. ಮೊದಲಿನವೆರಡು ಕೊಟ್ಟಿದ್ದು ಅರಮನೆ, ತೂಗುದೀಪ, ಸಿನಿಮಾದ ಹಲ್ಲುಗಳ ಹೆಂಗಸರು. ಶಿವಾಜಿನಗರ ಎಂದು ಬರೆದರೂ ಅರಮನೆ, ಶೀಟಿನ ಛಾವಣಿ ಎಂದು ಬರೆದರೂ ಅರಮನೆ. ಮೂರನೆಯದು ಕೇಳಿತು: ನಿಮ್ಮದೇ ಶೈಲಿಯ ಒಂದು ತುಣುಕು ಇದ್ದರೆ ಕೊಡಿ, ಅದರಂತೆ ಮಾಡುತ್ತೇನೆ. ನಿಮ್ಮದೇ ಶೈಲಿ. ಗಿರಾಕಿಗಳ ಟೇಪುಗಳೆಲ್ಲ ಅವರವರ ಮನೆ ಸೇರಿ, ಇವರ ಬಳಿ ಉಳಿದಿದ್ದದ್ದು ಸಾಲೇಹಾಳದೊಂದೇ. ಹಾಳಾಗದಿರಲೆಂದು ಅಂಬ್ರೀನ್ ಅದನ್ನು ಕಂಪ್ಯೂಟರಿಗೆ ಇಳಿಸಿಟ್ಟಿದ್ದಳು. ಅದನ್ನು ಕೊಟ್ಟರೆ ವೆಬ್‌ಸೈಟಿಗೆ ಒಳ್ಳೆಯದು ಎನ್ನುವುದೊಂದು ನೆಪ. ಅದಕ್ಕೂ ಹಿಂದೆ, ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಆಸೆ ಇತ್ತು. ಇವಳು ಹೇಗೆ ನೋಡುತ್ತಾಳೆ? ಇಷ್ಟು ವರ್ಷ ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದ ತನ್ನ ಹೆಂಡತಿಯ ಕೈಕೆಲಸ ಹೇಗಿತ್ತು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಟೇಪನ್ನು ನೋಡುವಂತಿಲ್ಲ. ಅದನ್ನು ನೋಡಿ ಕಲಿತ ಯಂತ್ರ ಇಲ್ಲದ ಹೆಂಗಸರನ್ನು ಇಟ್ಟುಕೊಂಡು ಮಾಡಿ ತೋರಿಸಿದರೆ, ಅದನ್ನು ನೋಡಬಹುದಲ್ಲ.

ಲೋಟ ಕೆಳಗಿಡುವ ಹೊತ್ತಿಗೆ ತುಣುಕು ತಯಾರಾಗಿ ಬಂತು. ಶೀಟಿನ ಛಾವಣಿ ಇತ್ತು. ಗೋಡೆಗೊರಗಿಸಿದ ಚಾಪೆಯ ಸುರುಳಿ ಇತ್ತು. ಹೆಂಗಸರು ಸುತ್ತ ಕೂತು ಕೈಗೆ ಗೋರಂಟಿ ಹಚ್ಚುತ್ತಿದ್ದರು, ಕ್ಯಾಮೆರಾ ಅವರ ನಡುವೆ ಅವರಲ್ಲೊಬ್ಬಳ ಹಾಗೆ ನೆಲದ ಮಟ್ಟದಲ್ಲಿತ್ತು. ಮೊಣಕೈಗಳು, ಮಡಿಲುಗಳು, ಅವುಗಳ ಮೇಲೆ ಮುಖಗಳು. ಅವನು ಗಂಡಸರ ಕಡೆ ಯಾವತ್ತೂ ಸ್ಟೂಲು ಹತ್ತಿ ತೆಗೆದವನು. ಮೇಲಿಂದ ಟೋಪಿಗಳು, ತಟ್ಟೆಗಳು, ಬೋಳುತಲೆಗಳು. ಹೆಂಡತಿ ಹೀಗೆ ನೋಡುತ್ತಿದ್ದಳೇ? ಅವನು ಅದನ್ನು ಮತ್ತೆ ಮತ್ತೆ ಹಾಕಿ ನೋಡಿದ. ಸಂತೋಷವೇ ಆಯಿತು, ಸುಳ್ಳು ಯಾಕೆ. ಆಗ ಬಾಗಿಲು ತಳ್ಳಿಕೊಂಡು ಮುನೀಂದ್ರ ಬಂದ. ಈ ಕಟ್ಟಡದ ಮಾಲೀಕ. ಅವನ ತಾತ ಇದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ, ಇವನು ಬಾಡಿಗೆ ಬೆಳೆಯುತ್ತಾನೆ. ಅನೀಸ್ ಗಾಬರಿಯಲ್ಲಿ ಟವೆಲ್ ಎಳೆದು ಮಾನಿಟರಿನ ಮೇಲೆ ಹಾಕಿದ.

"ಏನ್ ಗುರು, ಈ ವಯಸ್ಸಲ್ಲಿ ಮುಚ್ಚಿಟ್ಕೊಂಡು ನೋಡೋ ಅಂಥದ್ದು?" ಎಂದು ಮುನೀಂದ್ರ ನಕ್ಕ.

"ಏಯ್, ಥೂ! ಮದ್ವೆ ವಿಡಿಯೋ ಕಣೋ. ಲೇಡೀಸ್ ಸೈಡು. ಎಐಲಿ ಮಾಡ್ಸಿದ್ದು. ಇವರು ಯಾರೂ ನಿಜವಾದವರಲ್ಲ."

"ಯಾರೂ ಅಲ್ಲ ಅಂದ್ಮೇಲೆ ಯಾಕ್ ಮುಚ್ಚಿದೆ?"

ಅನೀಸ್ ಟವೆಲಿನ ಅಂಚು ಸರಿಮಾಡಿದ. ಮುನೀಂದ್ರ ಕುರ್ಚಿ ಎಳೆದುಕೊಂಡು, "ನಮ್ಮ ಭಾವಮೈದ ಪ್ರೇಮ್‌ಕುಮಾರ್ ಮಹದೇವಪುರದ ಅವನ ಸೈಟುಗಳಿಗೆಲ್ಲ ಇದರಲ್ಲೇ ವಿಡಿಯೋ ಮಾಡ್ಸಿದ. ಕಟ್ಟೇ ಇಲ್ಲದ ಅಪಾರ್ಟ್‌ಮೆಂಟಲ್ಲಿ ಮಕ್ಳು ಆಟ ಆಡ್ತಾವೆ. ಆದ್ರೆ ಒಂದು ಹುಷಾರು ಮಗಾ, ನಾವು ಕೊಟ್ಟಿದ್ದನ್ನೆಲ್ಲ ಅದು ಇಟ್ಕೊಂಡ್ಬಿಡುತ್ತಂತೆ. ಆಮೇಲೆ ಯಾವನೋ ಕೇಳ್ದಾಗ ಅವನಿಗೂ ಅದೇ ಹದದಲ್ಲಿ ಮಾಡ್ಕೊಡುತ್ತಂತೆ," ಎಂದ. ಅವನು ಬಂದದ್ದು ನೀರಿನ ಮೋಟರಿನ ವಿಷಯ ಹೇಳಲು, ಹೇಳಿ ಹೋದ. ಅನೀಸ್ ಟವೆಲ್ ಸರಿಸಿ, ಸಣ್ಣಕ್ಷರದ ನಿಯಮಗಳನ್ನು ಹುಡುಕಿ, ಕನ್ನಡಕ ಒರೆಸಿಕೊಂಡು ಓದಿದ. ಮುನೀಂದ್ರ ಹೇಳಿದ್ದು ನಿಜವೇ ಆಗಿತ್ತು. ನೀವು ನೀಡಿದ್ದನ್ನು ನಮ್ಮ ಸೇವೆ ಉತ್ತಮಪಡಿಸಲು ಬಳಸಬಹುದು. ತಾನು ಕೊಟ್ಟ ಚೂರಿನ ಪಕ್ಕದಲ್ಲಿದ್ದ ಅಳಿಸು ಎಂಬುದನ್ನು ಒತ್ತಿದ. ಅಳಿಸಲಾಗಿದೆ ಎಂದಿತು. ಏನನ್ನು ಅಳಿಸಿತು, ಎಲ್ಲಿಂದ ಅಳಿಸಿತು? ಟೇಪಾಗಿದ್ದರೆ ಬಿಚ್ಚಿ ಕೈಯಾರೆ ಬೆಂಕಿಗೆ ಹಾಕಬಹುದಿತ್ತು. ಅಷ್ಟರಲ್ಲಿ ಅಂಬ್ರೀನ್ ಫೋನು ಮಾಡಿ, "ಅಬ್ಬಾ, ಯಾವುದು ಫೈನಲ್?" ಎಂದಳು. "ಮೂರನೇದು ಚೆನ್ನಾಗಿದೆ," ಎಂದವನು, "ಇರು, ಅಮ್ಮೀನ ಒಂದು ಮಾತು ಕೇಳ್ಬೇಕು," ಎಂದು ಇಟ್ಟುಬಿಟ್ಟು, ಯಂತ್ರ ಮಾಡಿಕೊಟ್ಟ ತುಣುಕನ್ನು ಫೋನಿಗೆ ಇಳಿಸಿಕೊಂಡ.

ಹಲಸೂರಿನ ಬಜಾರ್ ರಸ್ತೆ ಹಿಡಿದು ಮರ್ಫಿ ಟೌನಿನ ಮನೆಗೆ ನಡೆಯುವಾಗ ಅವನಿಗೆ ಎದುರಿಗೆ ಬಂದ ಪ್ರತಿ ಹೆಂಗಸೂ ಸಾಲೇಹಾಳ ಮದುವೆಗೆ ಬಂದಿದ್ದವಳಂತೆ ಕಂಡಳು. ಹೇಳದಿದ್ದರಾಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೂವಿನಂಗಡಿಯ ಮುಂದೆ ನಿಂತು ಒಂದು ಮೊಳ ಮಲ್ಲಿಗೆ ಕೊಂಡು, ಲಂಚ ಕೊಡಲು ಹೊರಟೆನಲ್ಲ ಎಂದು ನಾಚಿ, ಆದರೂ ಜೇಬಿಗೆ ಹಾಕಿಕೊಂಡ. ಜಹನಾರಾ ಮದುವೆಯಾಗಿ ಬಂದ ಹೊಸತರಲ್ಲಿ ಅವನು ದಿನಾ ಹೀಗೆ ಹೂ ಒಯ್ಯುತ್ತಿದ್ದ. ಆಗ ಮನೆಯಲ್ಲಿ ಅವನ ತಾಯಿ ನೂರುನ್ನೀಸಾ ಇದ್ದರು. ಮನೆಮಾತಾದ ದಖನಿಯಲ್ಲಿ ಏನು ಮಾತಾಡಿದರೂ ಅವರ ಕಿವಿಗೆ. ಜಹನಾರಾ ಇಲ್ಲೇ ಕನ್ನಡ ಶಾಲೆಯಲ್ಲಿ ಓದಿದವಳು. ತಾಯಿಗೆ ಕನ್ನಡ ಬಾರದು. ಹಾಗಾಗಿ ಗಂಡಹೆಂಡಿರ ಸರಸ, ಜಗಳ, ಗುಟ್ಟು ಎಲ್ಲ ಕನ್ನಡದಲ್ಲೇ ನಡೆದು, ತಾಯಿ ಹೋಗಿ ಎಷ್ಟೋ ವರ್ಷವಾದರೂ ಇಬ್ಬರೇ ಇದ್ದಾಗ ನಾಲಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು.

ಅವಳು ಮಂಚದ ಅಂಚಿನಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟವನೇ ಫೋನನ್ನು ಅವಳ ಮುಂದೆ ಹಿಡಿದ. ಹೇಳುವ ಧೈರ್ಯವಿಲ್ಲದ್ದರಿಂದ ತೋರಿಸಿದ. ಅವಳು ಮೊದಲು ಬರಿಗಣ್ಣಿನಲ್ಲಿ, ಆಮೇಲೆ ಕನ್ನಡಕ ಏರಿಸಿ ನೋಡಿದಳು.

"ಯಾರ ಮನೆ ಮದ್ವೆ?"

"ಯಾರ ಮನೇದೂ ಅಲ್ಲ. ಮೆಷಿನ್ ಮಾಡಿದ್ದು."

ಅವಳು ಮತ್ತೊಂದು ಸಲ ನೋಡಿದಳು. ಸೊಪ್ಪಿನ ಕೈ ನಿಂತಿತು. "ಇದು ನನ್ನ ಕೈ," ಎಂದಳು. "ನನ್ನದು ಏನ್ ಕೊಟ್ರಿ ಅದಕ್ಕೆ?"

ಅವನು ಹೇಳಿದ. ಸಾಲೇಹಾಳದು, ಒಂದು ಚೂರು, ಮಧ್ಯಾಹ್ನ, ಅಳಿಸಿದ್ದೇನೆ, ಅಳಿಸಿದೆಯೋ ಇಲ್ಲವೋ ಗೊತ್ತಿಲ್ಲ. "ನಾನು ನೋಡಿಲ್ಲ, ಅಲ್ಲಾ ಕಸಮ್. ಕೈ ಅಡ್ಡ ಇಟ್ಟಿದ್ದೆ."

"ಅಷ್ಟು ಹೆಂಗಸರು ನನ್ನ ನಂಬಿ ಕೂತಿದ್ರು," ಎಂದಳು ಜಹನಾರಾ. ದನಿ ಏರಲಿಲ್ಲ, ಅದೇ ಅವನಿಗೆ ಹೆದರಿಕೆ. "ನಾಳೆ ಕೆ.ಆರ್. ಪುರಕ್ಕೆ ಹೋಗೋಣ. ಸಾಲೇಹಾಗೆ ನೀವೇ ಹೇಳ್ಬೇಕು. ನಿಮ್ಮ ಬಾಯಿಂದ." ಅವನು ತಲೆ ಆಡಿಸಿದ. ಅವಳು ಅವನ ಕೈಯಿಂದ ಫೋನು ತೆಗೆದುಕೊಂಡಳು. ಬೆರಳಿನಿಂದ ಹಿಂದಕ್ಕೆಳೆದು ಮತ್ತೆ ನೋಡುತ್ತಿದ್ದಳು, ಹುಬ್ಬು ಗಂಟಿಕ್ಕಿ, ಬೇರೆಯವರ ಅಡುಗೆ ರುಚಿ ನೋಡುವವಳಂತೆ. "ಕ್ಯಾಮೆರಾ ಇಷ್ಟು ಕೆಳಗೆ ಯಾಕಿಟ್ಟಿದೆ ಅಂತ ಅದಕ್ಕೆ ಗೊತ್ತಾ?"

"ಯಾಕೆ?" ಎಂದ ಅನೀಸ್.

"ಮದುಮಗಳು ತಲೆ ತಗ್ಗಿಸಿ ಕೂತಿರ್ತಾಳಲ್ಲ. ನಿಂತ್ಕೊಂಡು ತೆಗೆದ್ರೆ ಬರೀ ದುಪಟ್ಟಾ. ಅವಳ ಮುಖ ಬೇಕು ಅಂದ್ರೆ ಅವಳಿಗಿಂತ ಕೆಳಗೆ ಕೂರ್ಬೇಕು. ಕ್ಯಾಮೆರಾ ಮಡಿಲಲ್ಲಿಟ್ಕೊಂಡು ಮಗೂ ತರ ಕೂರ್ತಿದ್ದೆ. ಇದರಲ್ಲಿ ನೋಡಿ, ಹುಡುಗಿ ತಲೆ ಎತ್ಕೊಂಡೇ ಇದ್ದಾಳೆ. ಮತ್ತೆ ಇದು ಕೆಳಗೆ ಕೂತು ಏನ್ ಮಾಡ್ತಿದೆ?"

ಅವನು ಅವಳ ಪಕ್ಕ ಮಂಚದ ಮೇಲೆ ಕೂತ. ಮೈ ಹಗುರಾಗಿತ್ತು, ಅಳುವೂ ಬರುವಂತಿತ್ತು. "ಸಾಲೇಹಾ ಹೊರಡೋ ಹೊತ್ತಲ್ಲಿ ತುಂಬಾ ಅತ್ಳಲ್ಲ, ಅದನ್ನೂ ಹಂಗೇ ಕೂತು ತೆಗೆದ್ಯಾ?"

"ಅತ್ಳಾ? ಯಾರ್ ಹೇಳಿದ್ದು?"

"ನಾನೇ ಕೇಳಿಸ್ಕೊಂಡೆನಲ್ಲ. ಬಿಕ್ಕಿ ಬಿಕ್ಕಿ ಅಳ್ತಿದ್ಳು. ಅದಕ್ಕೇ ಅಲ್ಲಿ ಶಹನಾಯಿ ಹಾಕಿದ್ದು. ನಂಗೇ ಕಣ್ಣಲ್ಲಿ ನೀರು ಬಂದಿತ್ತು."

ಜಹನಾರಾ ಅವನನ್ನು ನೋಡಿದಳು. ತುಟಿ ಬಿಗಿಹಿಡಿದಳು, ಆಗಲಿಲ್ಲ. ಸೊಪ್ಪಿನ ತಟ್ಟೆ ಅಲುಗಾಡುವಷ್ಟು ನಕ್ಕಳು. "ಅಳು ಎಲ್ಲಿ ಬಂತು ರೀ! ಖುರ್ಷೀದಾ ಲೈಟ್ ಹಿಡ್ಕೊಂಡು ಹಿಂದಕ್ಕೆ ಹೋಗ್ತಾ ಹೋಗ್ತಾ ಪಾನಕದ ಬಕೆಟ್ಟಲ್ಲಿ ಕೂತ್ಬಿಟ್ಳು. ಮದುಮಗಳು ನಗಬಾರದಲ್ಲ, ಸಾಲೇಹಾ ದುಪಟ್ಟಾ ಬಾಯಿಗೆ ತುರುಕ್ಕೊಂಡು ತಡ್ಕೋತಿದ್ಳು. ಆ ಸದ್ದಿಗೆ ನೀವು ಅಳೋ ಶಹನಾಯಿ ಹಾಕಿದ್ರಿ. ಪ್ರತಿ ಈದ್‌ಗೂ ಹೆಂಗಸರೆಲ್ಲ ಸೇರಿದಾಗ ಅದನ್ನ ಹಾಕ್ಕೊಂಡು ಹೊಟ್ಟೆ ಹಿಡ್ಕೊಂಡು ನಗ್ತೀವಿ. ಅಂಬ್ರೀನೂ ನಗ್ತಾಳೆ."

ಅವನಿಗೂ ನಗು ಬಂತು, ಅರ್ಧಕ್ಕೆ ನಿಂತಿತು. ಇಷ್ಟು ವರ್ಷ ಈದ್ ಹಬ್ಬದ ಮಧ್ಯಾಹ್ನಗಳಲ್ಲಿ ಒಳಕೋಣೆಯಿಂದ ಕೇಳಿಬರುತ್ತಿದ್ದ ನಗು, ಹೊರಗೆ ಭಾವಂದಿರ ಜೊತೆ ಕೂತು ಶೀರ್‌ಖುರ್ಮಾ ಕುಡಿಯುತ್ತ ತಾನು ಅದನ್ನು ಕೇಳಿ ಖುಷಿಪಡುತ್ತಿದ್ದದ್ದು ಎರಡೂ ನೆನಪಾದವು.

"ನಂಗೆ ಯಾಕೆ ಹೇಳ್ಲಿಲ್ಲ ನೀನು?"

ಜಹನಾರಾಳ ನಗು ನಿಂತಿತು. ಫೋನನ್ನು ಅವನ ಕೈಗೆ ಕೊಟ್ಟಳು.

"ತೋರ್ಸೋ ಹಾಗಿರ್ಲಿಲ್ಲ," ಎಂದಳು. "ಕೇಳಿದ್ದಿದ್ರೆ ಹೇಳ್ತಿದ್ದೆ."